ಪ್ರಿಂಟರ್ ಮೂಕವೇ? ಹಳೆಯ ಸಹಪಾಠಿಗಳ ಗುಂಪಿನಲ್ಲಿ ಒಂದು ವಾದ

ನಾಗರಾಜ: (ಕೇಬಲ್‌ನ ಚಿತ್ರದೊಂದಿಗೆ ಬಂದ ಫಾರ್ವರ್ಡ್) "ಹಳೆಯ ಪ್ರಿಂಟರ್ ಕೇಬಲ್‌ಗೆ 25 ಪಿನ್ನುಗಳಿದ್ದರೂ ಕೆಲಸಕ್ಕೆ ಬರುತ್ತಿದ್ದವು ಎಂಟೇ. ಕಂಪ್ಯೂಟರ್ ಹೇಳುತ್ತಿತ್ತು, ಪ್ರಿಂಟರ್ ಮೂಕವಾಗಿ ಕೇಳುತ್ತಿತ್ತು. ಅದಕ್ಕೆ ಬಾಯಿ ಬಂದದ್ದು ಯುಎಸ್‌ಬಿ ಬಂದ ಮೇಲೆ." ನಮ್ಮ ಲ್ಯಾಬಿನ ದಿನಗಳು ನೆನಪಾದುದರಿಂದ ಇದನ್ನು ಇಲ್ಲಿ ಹಾಕಿದ್ದೇನೆ.

ಶೈಲಜಾ: ನಾಗರಾಜ್, ಚಿತ್ರ ಚೆನ್ನಾಗಿದೆ, ಬರಹ ಸರಿಯಿಲ್ಲ. 2ರಿಂದ 9ರವರೆಗಿನ ಎಂಟು ಪಿನ್ನುಗಳಲ್ಲಿ ಅಕ್ಷರ ಹೋಗುತ್ತದೆ ಎಂಬುದಷ್ಟು ನಿಜ. ಆದರೆ 10, 11, 12, 13 ಮತ್ತು 15ನೆಯ ಪಿನ್ನುಗಳು ಪ್ರಿಂಟರಿನಿಂದ ಕಂಪ್ಯೂಟರಿನ ಕಡೆಗೆ ಬರುವ ತಂತಿಗಳು. ಅಕ್ಷರ ತಲುಪಿತು, ಈಗ ಬಿಡುವಿಲ್ಲ, ಕಾಗದ ಮುಗಿದಿದೆ, ನಾನು ಆನ್‌ಲೈನ್ ಇದ್ದೇನೆ, ಏನೋ ದೋಷವಿದೆ ಎಂಬ ಐದು ಮಾತುಗಳನ್ನು ಅವು ಅದೇ ಕ್ರಮದಲ್ಲಿ ಹೇಳುತ್ತವೆ. ಐದು ಮಾತು ಆಡುವುದನ್ನು ಮೂಕವೆನ್ನುವುದು ಹೇಗೆ?

ನಾಗರಾಜ: ಹಾಗಿದ್ದರೆ 1994ರಲ್ಲಿ ಐಇಇಇ 1284 ಎಂಬ ಮಾನದಂಡವನ್ನು ಏಕೆ ತಂದರು? ದ್ವಿಮುಖ ಸಂವಹನಕ್ಕೆಂದೇ ಅಲ್ಲವೇ? ಅದಕ್ಕಿಂತ ಮುಂಚೆ ಏಕಮುಖವಾಗಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಶೈಲಜಾ: ಆ ಮಾನದಂಡ ಪ್ರಿಂಟರಿನಿಂದ ಬೈಟುಗಳನ್ನೇ, ಅಂದರೆ ಎಂಟೆಂಟು ಬಿಟ್ಟುಗಳ ಇಡೀ ಅಕ್ಷರಗಳನ್ನೇ, ಹಿಂದಕ್ಕೆ ತರುವ ವಿಧಾನಗಳನ್ನು ಗೊತ್ತುಪಡಿಸಿತು. ಅದರ ನಿಬಲ್ ವಿಧಾನದಲ್ಲಿ, ನಾನು ಮೇಲೆ ಹೇಳಿದ ತಂತಿಗಳ ಪೈಕಿ ನಾಲ್ಕರ ಮೇಲೆ ಒಂದೊಂದು ಬೈಟನ್ನು ಅರ್ಧರ್ಧ ಮಾಡಿ ಎರಡು ಸಲ ಓದಿಕೊಳ್ಳುತ್ತಾರೆ. ತಂತಿಗಳು ಮೊದಲೇ ಹಿಮ್ಮುಖವಾಗಿ ಇಲ್ಲದಿದ್ದರೆ ಹಳೆಯ ಪೋರ್ಟುಗಳಲ್ಲಿ ಇದು ಸಾಧ್ಯವೇ ಆಗುತ್ತಿರಲಿಲ್ಲ.

ಇನ್ನು ಮೂಲಕ್ಕೆ ಹೋಗೋಣ. ಈ ಸಂಪರ್ಕವನ್ನು ಮೊದಲು ರೂಪಿಸಿದ ಸೆಂಟ್ರಾನಿಕ್ಸ್ ಕಂಪನಿ 1970ರಲ್ಲಿ ತಂದ 101 ಮಾದರಿಯ ಪ್ರಿಂಟರ್ ಸೆಕೆಂಡಿಗೆ 165 ಅಕ್ಷರ ಮುದ್ರಿಸುತ್ತಿತ್ತು, ಎಂದರೆ ಒಂದು ಅಕ್ಷರಕ್ಕೆ ಸುಮಾರು ಆರು ಮಿಲಿಸೆಕೆಂಡು. ಕಂಪ್ಯೂಟರಿನ ಕೆಲಸ ಎಷ್ಟು ಹೊತ್ತಿನದು ನೋಡಿ. ಅದು ಮೊದಲು 11ನೆಯ ಪಿನ್ನಿನ ಬಿಜಿ ("ಈಗ ಬಿಡುವಿಲ್ಲ") ಸಂಕೇತ ಇಳಿದಿದೆಯೇ ಎಂದು ನೋಡುತ್ತದೆ, ಎಂಟು ತಂತಿಗಳ ಮೇಲೆ ಅಕ್ಷರವನ್ನಿಟ್ಟು ಕನಿಷ್ಠ ಅರ್ಧ ಮೈಕ್ರೋಸೆಕೆಂಡು ಅದು ನೆಲೆಗೊಳ್ಳಲು ಬಿಡುತ್ತದೆ, ಆಮೇಲೆ 1ನೆಯ ಪಿನ್ನಿನ ಸ್ಟ್ರೋಬನ್ನು ಇನ್ನರ್ಧ ಮೈಕ್ರೋಸೆಕೆಂಡು ಕೆಳಕ್ಕೆಳೆದು "ಈಗ ಓದಿಕೊ" ಎನ್ನುತ್ತದೆ, ಸ್ಟ್ರೋಬ್ ಮೇಲೇರಿದ ನಂತರವೂ ಅಷ್ಟೇ ಹೊತ್ತು ಅಕ್ಷರವನ್ನು ಕದಲಿಸುವುದಿಲ್ಲ. ಒಟ್ಟು ಒಂದೂವರೆ ಮೈಕ್ರೋಸೆಕೆಂಡಿನಲ್ಲಿ ಮುಗಿಯುವ ಈ ಕೆಲಸಕ್ಕೂ ಆರು ಮಿಲಿಸೆಕೆಂಡಿನ ಮುದ್ರಣಕ್ಕೂ ನಾಲ್ಕು ಸಾವಿರ ಪಟ್ಟು ಅಂತರವಿದೆ. ಪ್ರಿಂಟರ್ "ತಾಳು" ಎನ್ನದೆ ಹೋದರೆ, ಬಂದ ಅಕ್ಷರಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಅದರ ಬಫರ್ ಎಷ್ಟೇ ದೊಡ್ಡದಿದ್ದರೂ ಒಂದು ಹಂತದಲ್ಲಿ ಅಕ್ಷರಗಳು ಕಳೆದುಹೋಗಲೇಬೇಕು.

ಶ್ರೀಧರ: ಬಿಜಿ ಒಂದೇ ಸಾಕಾಗಿರುವಾಗ ಅಕ್ನಾಲೆಜ್, ಅಂದರೆ 10ನೆಯ ಪಿನ್ನಿನ "ತಲುಪಿತು" ಸಂಕೇತ, ಏಕೆ ಬೇಕಿತ್ತು?

ಶೈಲಜಾ: ಒಳ್ಳೆಯ ಪ್ರಶ್ನೆ. ಐಬಿಎಂ ಪಿಸಿಯ ಒಳಗೇ ಇದ್ದ ಮೂಲ ತಂತ್ರಾಂಶವಾದ ಬಯಾಸ್ ಬಿಜಿಯನ್ನೇ ಮತ್ತೆ ಮತ್ತೆ ನೋಡುತ್ತ ಕಾಯುತ್ತಿತ್ತು. ಹಾಗೆ ಕಾಯುವ ಬದಲು ಅಕ್ನಾಲೆಜ್ ಮಿಡಿತವನ್ನು ಇಂಟರಪ್ಟಿಗೆ, ಅಂದರೆ ಬೇರೆ ಕೆಲಸದಲ್ಲಿರುವ ಕಂಪ್ಯೂಟರನ್ನು ಕರೆಯುವುದಕ್ಕೆ, ಬಳಸಿಕೊಳ್ಳುವ ಏರ್ಪಾಡು ಪ್ರಿಂಟರ್ ಕಾರ್ಡಿನಲ್ಲಿತ್ತು, ಆದರೆ ಆ ಕಾಲದ ಕಾರ್ಯಾಚರಣಾ ವ್ಯವಸ್ಥೆಯಾದ ಡಾಸ್ ಅದನ್ನು ಬಳಸಲಿಲ್ಲ.

ಮಂಜುನಾಥ: ನಿಮ್ಮ ವಾದದ ನಡುವೆ ನನ್ನದೊಂದು ಪ್ರತ್ಯಕ್ಷ ಕಷ್ಟವಿದೆ. ನಾನು ಲೆಕ್ಕ ನೋಡಿಕೊಳ್ಳುವ ಅಡಿಕೆ ಸಹಕಾರ ಸಂಘದಲ್ಲಿ ಮೂರು ಪ್ರತಿಯ ಬಿಲ್ಲಿಗಾಗಿ ಇಂದಿಗೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೇ ಇದೆ. ನಿನ್ನೆಯಿಂದ 240.00 ಎಂದಿರಬೇಕಾದ ಕಡೆ 351/11 ಎಂದು ಬರುತ್ತಿದೆ, ಖಾಲಿ ಜಾಗದಲ್ಲೆಲ್ಲ ಆಶ್ಚರ್ಯಸೂಚಕ ಚಿಹ್ನೆ ಬೀಳುತ್ತಿದೆ. ಬಿಲ್ಲು ನೋಡಿದ ರೈತರಿಗೆ ನನಗಿಂತ ಹೆಚ್ಚು ಆಶ್ಚರ್ಯವಾಗಿದೆ.

ಶೈಲಜಾ: ಬಿಲ್ಲಿನಲ್ಲಿ ಒಂದಾದರೂ ಸಮ ಅಂಕಿ ಇದೆಯೇ ನೋಡಿ, ಮಂಜುನಾಥ್.

ಮಂಜುನಾಥ: ಇಲ್ಲ! 1, 3, 5, 7, 9 ಮಾತ್ರ ಇವೆ.

ಶೈಲಜಾ: ಹಾಗಾದರೆ 2ನೆಯ ಪಿನ್ನಿನ ತಂತಿ ತುಂಡಾಗಿರಬೇಕು. ಅದು ಬೈಟಿನ ಕೊನೆಯ ಬಿಟ್ಟನ್ನು, ಅಂದರೆ ಸಂಖ್ಯೆ ಸಮವೋ ಬೆಸವೋ ಎಂದು ತೀರ್ಮಾನಿಸುವ 0 ಅಥವಾ 1ನ್ನು, ಒಯ್ಯುವ ತಂತಿ. ತುಂಡಾದ ತಂತಿಯನ್ನು ಪ್ರಿಂಟರ್ 5 ವೋಲ್ಟಿನಲ್ಲಿದೆ ಎಂದೇ, ಅಂದರೆ ಯಾವಾಗಲೂ ಒಂದು ಎಂದೇ ಓದುತ್ತದೆ. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 2ರ ಸಂಖ್ಯೆ 50, ಅದು 51 ಆಗಿ 3 ಎಂದು ಮೂಡುತ್ತದೆ. ಖಾಲಿ ಜಾಗದ 32 ಎಂಬುದು 33 ಆಗಿ ಆಶ್ಚರ್ಯಸೂಚಕವಾಗುತ್ತದೆ, ಚುಕ್ಕಿಯ 46 ಎಂಬುದು 47 ಆಗಿ ಓರೆಗೆರೆಯಾಗುತ್ತದೆ. ಬೆಸ ಅಂಕಿಗಳಲ್ಲಿ ಆ ಬಿಟ್ಟು ಮೊದಲೇ ಒಂದಾಗಿರುವುದರಿಂದ ಅವು ಕೆಡುವುದಿಲ್ಲ.

ನಾಗರಾಜ: ಶೈಲಜಾ ಅವರೇ, ಇದರಿಂದ ನನ್ನ ಮಾತೇ ಗಟ್ಟಿಯಾಯಿತು. ಎರಡು ದಿನದಿಂದ ಪ್ರಿಂಟರ್ ತಪ್ಪು ಬಿಲ್ಲು ಹೊಡೆಯುತ್ತಿದ್ದರೂ ಕಂಪ್ಯೂಟರಿಗೆ ಒಂದು ಮಾತೂ ಹೇಳಿಲ್ಲ. ಮೂಕವಲ್ಲದೆ ಇನ್ನೇನು?

ಶೈಲಜಾ: ಈ ಏಟನ್ನು ಒಪ್ಪಿಕೊಳ್ಳುತ್ತೇನೆ. ಈ ಸಂಪರ್ಕದಲ್ಲಿ ಪ್ಯಾರಿಟಿಯಂತಹ (ಬಿಟ್ಟು ತಪ್ಪಿದ್ದನ್ನು ಹಿಡಿಯುವ) ಯಾವ ತಪಾಸಣೆಯೂ ಇಲ್ಲ. ಪ್ರಿಂಟರ್ ಹೇಳುವುದು "ತಲುಪಿತು" ಎಂದೇ ಹೊರತು "ಸರಿಯಾಗಿ ತಲುಪಿತು" ಎಂದಲ್ಲ, ಏಕೆಂದರೆ ಬಂದದ್ದು 50 ಆಗಿರಬೇಕಿತ್ತು ಎಂದು ತಿಳಿಯುವ ದಾರಿಯೇ ಅದಕ್ಕಿಲ್ಲ. ಆದರೆ ಕಂಪ್ಯೂಟರ್ ಅದರ ಮಾತನ್ನು ಕೇಳುತ್ತದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಬಹುದು. ಮಂಜುನಾಥ್, ಕೇಬಲ್ ಹೇಗೂ ಬದಲಾಗಬೇಕು. ಎರಡೂ ಯಂತ್ರಗಳನ್ನು ಆರಿಸಿ, ಹಳೆಯ ಕೇಬಲ್‌ನಲ್ಲಿ 11ನೆಯ ತಂತಿಯನ್ನು ಕತ್ತರಿಸಿ, ಮತ್ತೆ ಜೋಡಿಸಿ ಮುದ್ರಣಕ್ಕೆ ಕೊಡಿ. ನಾಗರಾಜ್ ಹೇಳುವುದು ನಿಜವಾದರೆ 351 ಎಂದಾದರೂ ಮೂಡಬೇಕು.

ಮಂಜುನಾಥ: (ಸಂಜೆ) ಮಲ್ಟಿಮೀಟರ್ ಹಿಡಿದು ನೋಡಿದೆ. 25 ಪಿನ್ನಿನ ತುದಿಯಿಂದ ಪ್ರಿಂಟರಿನ ಕಡೆಯ 36 ಪಿನ್ನಿನ ತುದಿಗೆ 2ನೆಯ ತಂತಿಯೊಂದೇ ಕೂಡಲಿಲ್ಲ, ಮೇಜಿನ ಸಂದಿಯಲ್ಲಿ ಕೇಬಲ್ ಮಡಿಚಿದ್ದ ಕಡೆ ಒಳಗೇ ತುಂಡಾಗಿದೆ. ಆಮೇಲೆ 11ನ್ನೂ ಕತ್ತರಿಸಿ ಮುದ್ರಣಕ್ಕೆ ಕೊಟ್ಟೆ. ಪ್ರಿಂಟರಿನಲ್ಲಿ ಕಾಗದವಿತ್ತು, ಹಸಿರು ದೀಪ ಉರಿಯುತ್ತಿತ್ತು, ಆದರೂ ಒಂದು ಚುಕ್ಕಿ ಬೀಳಲಿಲ್ಲ. ಸ್ವಲ್ಪ ಹೊತ್ತು ಕಾದ ಕಂಪ್ಯೂಟರ್ ಪ್ರಿಂಟರ್ ಸಿದ್ಧವಿಲ್ಲವೆಂದು ದೂರಿತು. ಹೊಸ ಕೇಬಲ್ ಹಾಕಿದ ಮೇಲೆ 240.00 ಸರಿಯಾಗಿ ಬಂದಿದೆ.

ನಾಗರಾಜ: ಸರಿ, "ಮೂಕ" ಎಂಬುದನ್ನು ತೆಗೆದು "ಮಿತಭಾಷಿ" ಎಂದು ಹಾಕಿ ಮತ್ತೆ ಕಳಿಸುತ್ತೇನೆ. ಎಂಟು ಪಿನ್ನಿನ ವಾಕ್ಯವನ್ನು ನೀವೇ ಬರೆದುಕೊಡಿ.