‘ನಾಗರಿಕತೆ’: ನಗರಕ್ಕೆ ಮುಂಚಿನ ನೆಲೆಗಳಿಗೆ ಈ ಪದ ಸಲ್ಲುತ್ತದೆಯೇ?

ಮಾನ್ಯರೇ,

ಪ್ರೌಢಶಾಲೆಯ ಮಕ್ಕಳಿಗಾಗಿ ಪಶ್ಚಿಮ ಏಷ್ಯಾದ ಪ್ರಾಚೀನ ಇತಿಹಾಸವನ್ನು ಬರೆಯುತ್ತಿದ್ದೇನೆ. ‘ಮೊದಲ ನಾಗರಿಕತೆ ಎಲ್ಲಿ, ಏಕೆ ಹುಟ್ಟಿತು?’ ಎಂಬ ತಲೆಬರಹದಲ್ಲಿಯೇ ತೊಡಕು ಎದುರಾಗಿದೆ.

‘ನಾಗರಿಕತೆ’ (‘ನಾಗರೀಕತೆ’ ಎಂದು ದೀರ್ಘ ಮಾಡಿ ಬರೆಯುವವರೂ ಉಂಟು, ಆ ಚರ್ಚೆ ಇಲ್ಲಿ ಬೇಡ) ‘ನಗರ’ದಿಂದ ಬಂದ ಮಾತು. ಈ ಅರ್ಥವನ್ನು ಬಿಗಿಯಾಗಿ ಹಿಡಿದರೆ ‘ಎಲ್ಲಿ’ ಎಂಬುದಕ್ಕೆ ಉತ್ತರ ಸುಲಭ: ಇಂದಿನ ಇರಾಕಿನ ದಕ್ಷಿಣ ಭಾಗದ ಸುಮೇರ್, ಅದರಲ್ಲೂ ಕ್ರಿ.ಪೂ. 4ನೆಯ ಸಹಸ್ರಮಾನದ ಉರುಕ್ ನಗರ. ದೊಡ್ಡ ದೇಗುಲಗಳು, ಧಾನ್ಯ ಮತ್ತು ಕುರಿಗಳ ಲೆಕ್ಕವಿರುವ ಜೇಡಿಮಣ್ಣಿನ ಫಲಕಗಳು, ಇತರರು ಬೆಳೆದುದನ್ನು ಉಂಡು ಬೇರೆ ಕಸುಬು ಮಾಡುವ ಜನ, ಹೀಗೆ ಪುರಾತತ್ತ್ವಜ್ಞ ಗಾರ್ಡನ್ ಚೈಲ್ಡ್ 1950ರಲ್ಲಿ ‘ನಗರ ಕ್ರಾಂತಿ’ಗೆ, ಎಂದರೆ ಹಳ್ಳಿಗಳಿಂದ ನಗರಗಳತ್ತ ಆದ ಬದಲಾವಣೆಗೆ, ಹೇಳಿದ ಲಕ್ಷಣಗಳಲ್ಲಿ ಬಹುಪಾಲು ಅಲ್ಲಿ ಸಿಗುತ್ತವೆ.

‘ಏಕೆ’ ಎಂಬುದನ್ನು ‘ನದಿಯಿತ್ತು, ಆದ್ದರಿಂದ’ ಎಂದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಬೀಳುವುದಿಲ್ಲ, ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ಬಿತ್ತನೆಯ ಕಾಲಕ್ಕೆ ಬಡಕಲಾಗಿದ್ದು, ಬಾರ್ಲಿ ಕೊಯ್ಲಿಗೆ ಬರುವ ವಸಂತದಲ್ಲಿ ಹಿಮ ಕರಗಿದ ನೀರಿನಿಂದ ಉಕ್ಕುತ್ತಿದ್ದವು. ಕಾಲುವೆ, ಒಡ್ಡುಗಳಿಲ್ಲದೆ ಬೇಸಾಯವೇ ಇಲ್ಲ. ಒಳ್ಳೆಯ ಮರ, ಕಟ್ಟಡದ ಕಲ್ಲು, ತಾಮ್ರ ಇವೆಲ್ಲ ಹೊರಗಿನಿಂದಲೇ ಬರಬೇಕಿತ್ತು. ಇಷ್ಟರಿಂದ ನೀರಾವರಿಯ ಆಡಳಿತವೇ ರಾಜ್ಯವನ್ನು ಹುಟ್ಟಿಸಿತು ಎಂದು ಇತಿಹಾಸಕಾರ ಕಾರ್ಲ್ ವಿಟ್‌ಫೋಗೆಲ್ ಅವರಂತೆ ತೀರ್ಮಾನಿಸಬಹುದೆನ್ನಿಸುತ್ತದೆ. ಆದರೆ ಆರಂಭದ ಕಾಲುವೆಗಳು ಊರವರೇ ನೋಡಿಕೊಳ್ಳಬಹುದಾದಷ್ಟು ಸಣ್ಣವಾಗಿದ್ದವೆಂದೂ ದೊಡ್ಡ ಕಾಲುವೆಗಳು ನಗರಗಳ ತರುವಾಯ ಬಂದವೆಂದೂ ಪುರಾತತ್ತ್ವಜ್ಞ ರಾಬರ್ಟ್ ಆಡಮ್ಸ್ ತಮ್ಮ ಕ್ಷೇತ್ರ ಸಮೀಕ್ಷೆಗಳಿಂದ ತೋರಿಸಿದ್ದಾರೆ.

ನನ್ನ ತೊಡಕಿರುವುದು ಉರುಕ್‌ಗಿಂತ ಹಿಂದಿನ ನೆಲೆಗಳಲ್ಲಿ. ತುರ್ಕಿಯ ಗೊಬೆಕ್ಲಿ ತೆಪೆಯಲ್ಲಿ ಕ್ರಿ.ಪೂ. ಸುಮಾರು 9500ರಲ್ಲೇ ಬೇಟೆಯನ್ನೂ ಕಾಡುಧಾನ್ಯವನ್ನೂ ನೆಚ್ಚಿದ್ದ ಜನ ಐದು ಮೀಟರಿಗೂ ಎತ್ತರದ ಕಲ್ಲುಕಂಬಗಳನ್ನು ನಿಲ್ಲಿಸಿದ್ದರು. ಪ್ಯಾಲೆಸ್ಟೈನಿನ ಜೆರಿಕೊದಲ್ಲಿ ಕ್ರಿ.ಪೂ. ಸುಮಾರು 8000ದ ಕಲ್ಲಿನ ಗೋಪುರವಿದೆ. ತುರ್ಕಿಯ ಇನ್ನೊಂದು ನೆಲೆಯಾದ ಚಾತಲ್‌ಹೊಯುಕ್‌ನಲ್ಲಿ ಸಾವಿರಾರು ಜನ ಬೀದಿಗಳೇ ಇಲ್ಲದಂತೆ ಒತ್ತಾಗಿ ಕಟ್ಟಿದ ಮನೆಗಳಿಗೆ ಮಾಳಿಗೆಯಿಂದ ಇಳಿದು ಬದುಕುತ್ತಿದ್ದರು. ಇವು ನಗರಗಳಲ್ಲವೆಂದು ‘ನಾಗರಿಕತೆಗೆ ಮುಂಚಿನವು’ ಎಂದರೆ, ‘ಅನಾಗರಿಕ’ ಎಂಬುದು ಬೈಗುಳದಂತೆ ಬಳಕೆಯಾಗುವ ನಮ್ಮ ಭಾಷೆಯಲ್ಲಿ ಮಕ್ಕಳು ಆ ಜನರನ್ನು ಒರಟರೆಂದೇ ತಿಳಿದಾರು.

‘ಸಂಸ್ಕೃತಿ’ ಎನ್ನೋಣವೆಂದರೆ ಅದು ಬಹಳ ಸಡಿಲವಾದ ಪದ. ನವಶಿಲಾಯುಗದಲ್ಲಿ ಹುರುಳಿ ಬೆಳೆದು ದನ ಸಾಕುತ್ತಿದ್ದ ಬಳ್ಳಾರಿಯ ಸಂಗನಕಲ್ಲಿನಂಥ ನೆಲೆಗೂ ‘ಸಂಸ್ಕೃತಿ’ ಎನ್ನುತ್ತೇವೆ, ಮೊಹೆಂಜೊದಾರೊದಂಥ ನಗರಗಳಿದ್ದ ಹರಪ್ಪಕ್ಕೂ ‘ಹರಪ್ಪ ಸಂಸ್ಕೃತಿ’ ಎನ್ನುತ್ತೇವೆ. ಎರಡನೆಯದನ್ನೇ ಮುಂದಿನ ಪುಟದಲ್ಲಿ ‘ಸಿಂಧೂ ನಾಗರಿಕತೆ’ ಎಂದೂ ಬರೆಯುತ್ತೇವೆ.

ಅಲೆದಾಟವನ್ನು ಬಿಟ್ಟು ಒಂದೆಡೆ ನೆಲೆಸಿ ಊರು ಕಟ್ಟಿದ, ಆದರೆ ನಗರವಾಗದ ಈ ಹಂತಕ್ಕೆ ‘ಸ್ಥಿರವಾಸ’ ಎಂಬುದು ಹೊಳೆಯಿತಾದರೂ ಅದಕ್ಕೆ ಕಂದಾಯ ಕಚೇರಿಯ ಅರ್ಜಿಯ ಧಾಟಿಯಿದೆ. ‘ನೆಲೆವಾಸ’, ‘ಊರುಬಾಳು’ ಇವೆರಡರಲ್ಲಿ ನನ್ನ ಒಲವು ಮೊದಲನೆಯದರ ಕಡೆಗಿದೆ. ಪುರಾತತ್ತ್ವ ಅಥವಾ ಮಾನವಶಾಸ್ತ್ರದ ಕನ್ನಡ ಬರಹಗಳಲ್ಲಿ ಇವುಗಳಲ್ಲಿ ಯಾವುದಾದರೂ, ಅಥವಾ ಇವಕ್ಕಿಂತ ಹೊಂದುವ ಬೇರೆ ಪದ, ಈಗಾಗಲೇ ಬಳಕೆಯಲ್ಲಿದ್ದರೆ ದಯವಿಟ್ಟು ವಾಕ್ಯಸಹಿತ ತಿಳಿಸಬೇಕಾಗಿ ಕೋರುತ್ತೇನೆ.