ಅಪಮಾನವನ್ನ ಮತ್ತ ಬಿಡಿಸಬೇಕೋ ಬ್ಯಾಡೋ? (ಬೆಟಿ ಸಾರ್, ಕಾರಾ ವಾಕರ್)

ಕರಿಕಾಗದ:
ಕಲಬುರಗಿಯೊಳಗ ದೃಶ್ಯಕಲೆ ಕೊನೇ ವರ್ಷ ಓದ್ಲಿಕತ್ತೀನ್ರಿ. ಫೈನಲ್ ಡಿಸ್‌ಪ್ಲೇಕ್ಕ ನಮ್ಮ ಆಯಿ ಮ್ಯಾಲೆ ಕೆಲಸ ಮಾಡಬೇಕಂತೀನಿ. ಆಯಿ ತೊಗರಿ ರಾಶಿಗೆ ಕೂಲಿ ಹೋಗಾಕಿ. ಗೌಡ್ರ ಕೊಟ್ಟಿಗ್ಯಾಗ, ಗ್ವಾದ್ಲಿ ಮ್ಯಾಗಿನ ಗೂಡಿನ್ಯಾಗ, ಆಕಿದಂತ ಒಂದು ಜರ್ಮನ್ ಬಟ್ಟಲ ಬ್ಯಾರೆ ಇಟ್ಟಿದ್ರು. ಅಂಚು ನೆಗ್ಗಿದ್ದು. ಮ್ಯಾಲಿಂದ ಚಾ ಹೊಯ್ಯೋರು. ಕುಡದು, ತೊಳದು, ಬೋರಲ ಹಾಕಿ ಬರಬೇಕು.

ಅಮೇರಿಕಾದ ಕರಿಯ ಕಲಾವಿದೆ ಕಾರಾ ವಾಕರ್ ಹಂಗ ಇದನ್ನ ಕರಿ ಕಾಗದದಾಗ ಕತ್ತರಸಬೇಕಂದ್ರ ಕ್ಲಾಸಿನವರು ‘ಮತ್ಯಾಕ ಅದೇ ಗೋಳು? ಆಯಿ ಎದಿ ಉಬ್ಬಿಸಿ ನಿಂತಂಗ ಬಿಡಸು’ ಅಂತಾರ. ಅಲ್ಲಿನ ಇನ್ನೊಬ್ಬ ಕರಿಯ ಕಲಾವಿದೆ ಬೆಟಿ ಸಾರ್ ಅವರೇ ವಾಕರ್ ಕೆಲಸಾನ ವಿರೋಧ ಮಾಡಿದ್ರಂತ. ಇಬ್ಬರಾಗ ಯಾರದು ಖರೇ?

ಚೌಕಟ್ಟು:
ಬೆಟಿ ಸಾರ್ ಅಪಮಾನದ ಚಿತ್ರ ಮುಟ್ಟೇ ಇಲ್ಲ ಅನ್ಕೋಬ್ಯಾಡವ್ವ. ಪ್ಯಾನ್‌ಕೇಕ್ ಹಿಟ್ಟಿನ ಪ್ಯಾಕೆಟ್ ಮ್ಯಾಲೆ ನಗ್ತಾ ಇರ್ತಿದ್ಲಲ್ಲ ಆಂಟ್ ಜೆಮಿಮಾ, ಬಿಳಿ ಮಂದಿ ಮನಿ ಅಡಿಗಿ ಮಾಡೋ ಕರಿಯ ಹೆಣ್ಮಗಳು, 1972ರಾಗ ಆಕಿನ್ನೇ ಒಂದು ಸಣ್ಣ ಪೆಟಿಗ್ಯಾಗ ನಿಲ್ಲಿಸಿದ್ರು. ಒಂದು ಕೈಯಾಗ ಕಸಬರಿಗಿ, ಇನ್ನೊಂದರಾಗ ಬಂದೂಕು. ಕಾಲ ಕೆಳಗ ಹತ್ತಿ. ಗೊಂಬಿ ಅದೇ, ಆದ್ರ ಈಗ ಆಕಿ ಮುಂದ ನಿಲ್ಲಾಕ ಅಂಜಿಕಿ ಬರ್ತದ. ಆ ಬ್ರ್ಯಾಂಡ್‌ದವರು ಹೆಸರು, ಮುಖ ತಗೀತೀವಂದಿದ್ದು 2020ರಾಗ!

ವಾಕರ್ ಬಂದೂಕು ಕೊಡೂದಿಲ್ಲ. 1994ರಾಗ ನ್ಯೂಯಾರ್ಕಿನ ಡ್ರಾಯಿಂಗ್ ಸೆಂಟರ್‌ದಾಗ ಸುಮಾರು 50 ಅಡಿ ಗ್ವಾಡಿ ತುಂಬ ಗುಲಾಮಗಿರಿ ಕಾಲದ ಕಾಮ, ಕ್ರೌರ್ಯ ಎಲ್ಲಾ ಕತ್ತರಿಸಿ ಅಂಟಿಸಿದ್ರು. ದೊಡ್ಡ ಮನಿಯವರು ಹೌಸಿಗೆ ಮಾಡಸ್ಕೊಂತಿದ್ದ ನೆರಳುಚಿತ್ರದ ಕಲೆ ಅದು. ಒಡೆಯನೂ ಕರಿ ಕಾಗದ, ಗುಲಾಮಳೂ ಕರಿ ಕಾಗದ. ಯಾರು ಯಾರಂತ ತುಟಿ, ಕೂದಲ, ಬಟ್ಟಿ ನೋಡಿ ನೀವೇ ಗುರ್ತು ಹಿಡೀತೀರಿ. ಅಲ್ಲೇ ಸಿಕ್ಕಿಬೀಳ್ತೀರಿ. 1997ರಾಗ, ಇನ್ನೂ 27ರ ವಯಸ್ಸಿನ್ಯಾಗ, ವಾಕರ್‌ಗೆ ಅಮೇರಿಕಾದ ದೊಡ್ಡ ಮನ್ನಣೆ ಮೆಕಾರ್ಥರ್ ಫೆಲೋಶಿಪ್ ಬಂತು. ಸಾರ್ ಸಿಟ್ಟಾಗಿ ಪತ್ರ ಬರದಿದ್ದೂ ಆವಾಗೇ. ನೋಡೋವ್ರು ಬಹಳಷ್ಟು ಬಿಳಿಯರು, ಅವರಿಗೆ ಇದು ಮಜಾ ಆಗ್ತದ ಅನ್ನೂದು ಸಾರ್ ಅವರ ವಾದ.

ನನಗ ವಾಕರೇ ಹೆಚ್ಚು ಹಿಡಸ್ತಾರ. ಸೆರಗು, ರುಂಬಾಲು ನೋಡಿ ಜಾತಿ ಹೇಳೂದ್ರಾಗ ನಮ್ಮ ಮಂದಿ ಏನ್ ಕಮ್ಮಿ ಇಲ್ಲ.

ಬೀದರ್ ಅಕ್ಕ:
ಬೆಟಿ ಸಾರ್ ಅಂಜಿದ್ದು ಸುಳ್ಳಲ್ಲ ನೋಡ್ರಿ. 2014ರಾಗ ಬ್ರೂಕ್ಲಿನ್‌ನ ಹಳೇ ಡಾಮಿನೋ ಸಕ್ಕರಿ ಕಾರ್ಖಾನ್ಯಾಗ ವಾಕರ್ ಸುಮಾರು 75 ಅಡಿ ಉದ್ದದ ಸ್ಫಿಂಕ್ಸ್ ಮಾಡಿದ್ರು, ಹೆಣ್ಣಿನ ಮುಖ, ಸಿಂಹದಂಗ ಕುಂತದ್ದು, ತಲಿಗೆ ವಸ್ತ್ರ ಕಟ್ಟಿದ್ದು, ಮೈತುಂಬ ಬಿಳಿ ಸಕ್ಕರಿ. ಕಬ್ಬಿನ ತೋಟದಾಗ ಪುಕ್ಕಟೆ ದುಡದವರ ನೆನಪು. ಮಂದಿ ಏನ್ ಮಾಡಿದ್ರು? ಆಕಿ ಹಿಂದ ನಿಂತು ಹೊಲಸ ಸೆಲ್ಫಿ ತಗೊಂಡ್ರು. ವಾಕರೂ ಬಿಡಲಿಲ್ಲ, ನೋಡೋರನ್ನೇ ವಿಡಿಯೋ ಮಾಡಿಸಿಟ್ಟರು. ನಿಮ್ಮ ಡಿಸ್‌ಪ್ಲೇದಾಗ ಯಾರರೆ ಬಟ್ಟಲ ಹಿಡಕೊಂಡು ರೀಲ್ ಮಾಡಿದ್ರ ಏನ್ ಮಾಡ್ತಿ ತಂಗಿ? ವಾಕರ್ ಕತ್ತರಿಸಿದ ಮಂದಿ ಯಾವತ್ತೋ ಸತ್ತಾರ. ನಿಮ್ಮ ಆಯಿ ಇದ್ದಾರಲ್ಲ. ಅವರನ್ನ ಕೇಳಿದ್ಯೇನು?

ಕ್ವಾಟಿ ಹುಡುಗ:
ವಿಷಯ ಬಿಟ್ಟು ಒಂದು ಮಾತು. ಅಮೇರಿಕಾತನಕ ಯಾಕ ಹೋಗ್ತೀರಿ? ಬೀದರದಾಗ ಹಬ್ಶಿ ಕೋಟ್ ಅದ. ಬಹಮನಿ ದರ್ಬಾರಿನ ಆಫ್ರಿಕಾ ಮೂಲದ ಸರದಾರರ ಗೋರಿ ಅವ ಅಲ್ಲಿ. ಯಾವ ಕಲಾವಿದ ಬಿಡಿಸ್ಯಾನ?

ಕರಿಕಾಗದ:
ಅಕ್ಕ, ಆಯಿಗೆ ಫೋನ್ ಹಚ್ಚಿದ್ದೆ. ‘ಬಟ್ಟಲ ಬಿಡಸು, ನನ್ನ ಬಿಡಸಬ್ಯಾಡ’ ಅಂದ್ಲು. ‘ಚಾ ಹೊಯ್ಯಾಕಿ ಗೌಡ್ತಿ. ಆಕಿನೂ ಗಂಡನ ಹೊಡ್ತ ತಿಂದು ಬಂದು ಹೊಯ್ಯಾಕಿ. ಆಕಿ ಕೈ ಬಿಡಸು, ತುಂಬ ಹಸರ ಬಳಿ ಇದ್ದವು.’ ಇದು ನನ್ನ ತಲ್ಯಾಗೇ ಇರ್ಲಿಲ್ಲ. ಕರಿ ಕಾಗದದಾಗ ಹಸರ ಬಳಿ ಹೆಂಗ ತೋರ್ಸೂದು ಸರ್, ಕೊರದು ಖಾಲಿ ಬಿಡ್ಲೇನು? ಮತ್ತ ಉದ್ದನ ಕರಿ ಕಾಗದದ ರೋಲು ಕಲಬುರಗ್ಯಾಗ ಎಲ್ಲಿ ಸಿಗ್ತದ? ನಾ ಕೇಳಿದ ಅಂಗಡ್ಯಾಗ ಬರೀ ಚಾರ್ಟ್ ಶೀಟ್ ಅವ.