ಚಂದ್ರಕಾಳಿ ಸೀರೆಯ ಕಸೂತಿ: ಅಂಟು ಹಾಕಿದ ತೇಪೆಯ ಪಕ್ಕದಲ್ಲೇ ರೇಷ್ಮೆ ಸೀಳುತ್ತಿದೆ

ಇಳಕಲ್_ಸೆರಗು: ಹಳೆಯ ಚಂದ್ರಕಾಳಿ, ಅಂದರೆ ಕಸೂತಿ ಹಾಕಿದ ಕಪ್ಪು ಸೀರೆ. ಮಡಿಕೆಯ ಗೆರೆಯಲ್ಲಿ ಕಪ್ಪು ರೇಷ್ಮೆ ಸೀಳಿ, ಗೋಪುರ ವಿನ್ಯಾಸದ ಗಾವಂತಿ (ಎರಡೂ ಬದಿ ಒಂದೇ ತೆರ ಕಾಣುವ ಕಸೂತಿ ಹೊಲಿಗೆ) ಎಳೆಗಳು ಸಡಿಲಾಗಿವೆ. ಹಿಂದೆ ತೆಳು ರೇಷ್ಮೆ ಇಟ್ಟು ಮೈದಾ ಅಂಟಿನಿಂದ ಕೂರಿಸಿದೆ. ಒಣಗಿ ರಟ್ಟಿನಂತಾಯಿತು. ಈಗ ತೇಪೆಯ ಅಂಚಿಗೇ ಹೊಸ ಸೀಳು. ಅಂಟು ದಪ್ಪವಾಯಿತೇ?

ಪಾಚಿಅಂಟು: ದಪ್ಪದ್ದಷ್ಟೇ ಅಲ್ಲ. ಪಿಷ್ಟ ಒಣಗುವಾಗ ಕುಗ್ಗಿ ಬಿರುಸಾಗುತ್ತದೆ. ತೇಪೆ ಬಾಗದ ಕಾರಣ ಸೀರೆ ಬಾಗುವಾಗಿನ ಒತ್ತಡವೆಲ್ಲ ಅಂಚಿನ ಒಂದೇ ಗೆರೆಗೆ ಬೀಳುತ್ತದೆ. ಕಪ್ಪು ಬಣ್ಣ ಅಳಲೆಕಾಯಿ-ಕಬ್ಬಿಣದ್ದಾದರೆ ಕಬ್ಬಿಣ ಎಳೆಯನ್ನು ಆಗಲೇ ತಿಂದಿರುತ್ತದೆ. ಮೈದಾ ಹುಳುಗಳಿಗೂ ಊಟ.

ಮೊದಲು ಪ್ರತಿ ಬಣ್ಣದ ಎಳೆಗೂ ಡಿಸ್ಟಿಲ್ಡ್ ವಾಟರಿನ ಒಂದು ಹನಿ ಇಟ್ಟು, ಬಿಳಿ ಬ್ಲಾಟಿಂಗ್ ಪೇಪರ್ ಒತ್ತಿ ನೋಡಿ. ಬಣ್ಣ ಇಳಿಯದಿದ್ದರೆ ಮಾತ್ರ ಮುಂದೆ. ಹಿಂದಿನಿಂದ ತೇವದ (ಒದ್ದೆಯಲ್ಲ!) ಬ್ಲಾಟಿಂಗ್ ಪೇಪರ್ 10–15 ನಿಮಿಷ ಇಟ್ಟು, ಅಂಟು ಮೆತ್ತಗಾದ ಮೇಲೆ ಚಪ್ಪಟೆ ಸ್ಪಾಟುಲಾದಿಂದ ತೇಪೆ ಬಿಡಿಸಿ. ನೀರು ಜಾಸ್ತಿಯಾದರೆ ಕಂದು ವರ್ತುಲ ಉಳಿಯುತ್ತದೆ.

ಮೈದಾ ಬದಲು ಫುನೋರಿ ಬಳಸಿ. ಇದು ಜಪಾನಿನ ಕೆಂಪು ಕಡಲಪಾಚಿಯ ಅಂಟು. ಒಣಪಾಚಿ 1 ಗ್ರಾಂ, ಡಿಸ್ಟಿಲ್ಡ್ ವಾಟರ್ 100 ಮಿಲಿ. ರಾತ್ರಿ ನೆನೆಸಿ, 55–60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ನೈಲಾನ್ ಬಟ್ಟೆಯಲ್ಲಿ ಎರಡು ಸಲ ಸೋಸಿ. ಕುದಿಸಬೇಡಿ. ಪಾಲಿಥೀನ್ ಹಾಳೆಯ ಮೇಲೆ ಹರಡಿದ ಕ್ರೆಪ್ಲಿನ್ (ತೀರಾ ತೆಳುವಾದ, ಪಾರದರ್ಶಕ ಬಟ್ಟೆ) ರೇಷ್ಮೆಗೆ ತೆಳುವಾಗಿ ಹಚ್ಚಿ, ಒಣಗಿಸಿ, ಎತ್ತಿಕೊಳ್ಳಿ. ಸೀಳಿನ ಹಿಂದಿಟ್ಟು ತೇವದ ಪೇಪರಿನಿಂದ ಒಣಗಿದ ಅಂಟನ್ನು ಮತ್ತೆ ಮೆತ್ತಗಾಗಿಸಿ, ಮೇಲೆ ಗಾಜಿನ ತುಂಡಿನ ಭಾರ ಇಡಿ. ಕ್ರೆಪ್ಲಿನ್ ಅಂಚನ್ನು ನೇರವಾಗಿ ಕತ್ತರಿಸಬೇಡಿ, ಓರೆಕೋರೆಯಾಗಿರಲಿ. ನೇರ ಗೆರೆ ಇದ್ದಲ್ಲೇ ಮತ್ತೆ ಸೀಳುತ್ತದೆ. ಫುನೋರಿಗೆ ಹೊಳಪಿಲ್ಲ, ಬಾಗುತ್ತದೆ, ನೀರಿಗೆ ಮತ್ತೆ ಕರಗುತ್ತದೆ. ಹಿಡಿತ ಮಾತ್ರ ಸಣ್ಣದು, ಸೀರೆ ಉಡಲಾಗದು.

ಹೆಂತಿಗೆರೆ: ಎಳೆಯ ಬಗ್ಗೆ ಒಂದು ಮಾತು. ಕಸೂತಿಯಲ್ಲಿ ಗಂಟಿಲ್ಲ, ಎಳೆದರೆ ಸಾಲೆಲ್ಲ ಬಿಚ್ಚುತ್ತದೆ. ಚಿಮುಟದಿಂದ ಅದರ ದಾರಿಯಲ್ಲೇ ಮಲಗಿಸಿ. ಗಾವಂತಿ ಎರಡೂ ಬದಿ ಒಂದೇ ತೆರನಾದ್ದರಿಂದ ಪಾರದರ್ಶಕ ಕ್ರೆಪ್ಲಿನ್ ಬಿಟ್ಟು ಬೇರೇನೂ ಹಿಂದೆ ಹಾಕಬೇಡಿ, ಅರ್ಧ ಕಸೂತಿ ಮುಚ್ಚಿಹೋಗುತ್ತದೆ.

ಪಾಚಿಅಂಟು ಸರ್, ಫೈಬ್ರಾಯಿನ್ (ರೇಷ್ಮೆ ಎಳೆಯ ಮೂಲ ಪ್ರೋಟೀನ್) ದ್ರಾವಣ ಸಿಂಪಡಿಸಿದರೆ ಹೇಗೆ?

ಪಾಚಿಅಂಟು: ಚೀನಾದಲ್ಲಿ ಉತ್ಖನನದಲ್ಲಿ ಸಿಕ್ಕ, ಮುಟ್ಟಿದರೆ ಪುಡಿಯಾಗುವ ರೇಷ್ಮೆಗೆ ಅದನ್ನು ಅಡ್ಡಬಂಧ ಕಾರಕದ (ಅಣುಗಳನ್ನು ಒಂದಕ್ಕೊಂದು ಬೆಸೆಯುವ ರಾಸಾಯನಿಕ) ಜೊತೆ ಬಳಸಿದ್ದಾರೆ. ಒಮ್ಮೆ ಎಳೆಯೊಳಗೆ ಹೊಕ್ಕು ಗಟ್ಟಿಯಾದರೆ ತೆಗೆಯಲಾಗದು. ಮಡಿಕೆಯ ಸೀಳಿಗೆ ಬೇಡ.

ಇಳಕಲ್_ಸೆರಗು: ಹನಿ ಇಟ್ಟು ನೋಡಿದೆ. ಕೆಂಪು ಇಳಿಯಿತು, ಹಸಿರು-ಬಿಳಿ ಇಳಿದಿಲ್ಲ.

ಪಾಚಿಅಂಟು: ಹಾಗಿದ್ದರೆ ಆ ಭಾಗಕ್ಕೆ ನೀರು ಬೇಡ, ಹಳೆಯ ತೇಪೆಯನ್ನೂ ಮುಟ್ಟಬೇಡಿ. ಎರಡೂ ಬದಿ ಕ್ರೆಪ್ಲಿನ್ ಇಟ್ಟು, ಸೀಳಿನ ಸುತ್ತಲಿನ ಗಟ್ಟಿ ಬಟ್ಟೆಯಲ್ಲಿ ಮಾತ್ರ ಕೂದಲಿನಂಥ ರೇಷ್ಮೆ ಎಳೆಯಿಂದ ಸಡಿಲ ಹೊಲಿಗೆ ಹಾಕಿ. ಆಮ್ಲರಹಿತ ಕಾಗದ ಸುತ್ತಿದ ಕೊಳವೆಗೆ ಸುರುಳಿ ಸುತ್ತಿಡಿ, ಮಡಚಬೇಡಿ.